ಅವರೆಕಾಯಿ ಸುಲಿದರೆ ಅಕ್ಷರ ಬರುತ್ತದೆಯೇ?

ಅಂಗನವಾಡಿಯಿಂದ ಮನೆಗೆ ಬಂದ ಮಗುವಿಗೆ ಎದುರಾಗುವ ಮೊದಲ ಪ್ರಶ್ನೆ, ‘ಇವತ್ತು ಏನು ಬರೆಸಿದ್ರು?’ ‘ಆಟ ಆಡ್ಸಿದ್ರು’ ಎಂಬ ಉತ್ತರ ಬಂದರೆ ಹೆತ್ತವರ ಮುಖ ಸಪ್ಪಗಾಗುತ್ತದೆ. ಮುಂದಿನ ವರ್ಷ ಸಾಲ ಮಾಡಿಯಾದರೂ ಆ ಮಗುವನ್ನು ಕಾನ್ವೆಂಟಿನ ವ್ಯಾನು ಹತ್ತಿಸುತ್ತಾರೆ. 1975ರಲ್ಲಿ ಮೈಸೂರು ಜಿಲ್ಲೆಯ ಟಿ. ನರಸೀಪುರದಿಂದ ನಮ್ಮ ರಾಜ್ಯದಲ್ಲಿ ಶುರುವಾದ ಅಂಗನವಾಡಿಗೆ ಈಗ ಐವತ್ತು ತುಂಬಿದೆ. ಆದರೂ ಅದು ಜನರ ಮನಸ್ಸಿನಲ್ಲಿ ಉಳಿದಿರುವುದು ಮೊಟ್ಟೆ, ಹಾಲು, ಚುಚ್ಚುಮದ್ದಿನ ಜಾಗವಾಗಿಯೇ. ಅಲ್ಲಿ ‘ಚಿಲಿಪಿಲಿ’ ಎಂಬ ಚಟುವಟಿಕೆ ಪಠ್ಯ ಇದೆ, ಮಕ್ಕಳಿಗೆ ಪರಿಚಯವಿರುವ ವಿಷಯಗಳ ಸುತ್ತ ಆಟಗಳನ್ನು ಹೆಣೆದು ಕಲಿಸುವ ಕ್ರಮವಿದೆ ಎಂಬುದು ಹೆತ್ತವರಲ್ಲಿ ಎಷ್ಟು ಜನರಿಗೆ ಗೊತ್ತು? ನನ್ನ ವಾದ ಇಷ್ಟೇ: ಯೋಚಿಸಿ ಹಾಕಿಕೊಂಡ ಒಂದು ತಿಂಗಳ ಆಟ, ಅದೇ ತಿಂಗಳಲ್ಲಿ ತುಂಬಿಸಿದ ಕಾಪಿ ಪುಸ್ತಕಕ್ಕಿಂತ ಹೆಚ್ಚು ಕಲಿಸುತ್ತದೆ.

ಚಳಿಗಾಲದ ಒಂದು ತಿಂಗಳನ್ನು ಅವರೆಕಾಯಿಗೇ ಕೊಟ್ಟರೆ ಏನೇನು ಮಾಡಬಹುದು ನೋಡಿ. ಮೊದಲು ಮೂಸುವುದು, ಸೊಗಡಿನ ಕಾಯಿಗೂ ಬೆಂಡೆಕಾಯಿಗೂ ಇರುವ ವ್ಯತ್ಯಾಸ ಕಣ್ಣು ಮುಚ್ಚಿದರೂ ಮಗುವಿಗೆ ಗೊತ್ತಾಗುತ್ತದೆ. ಆಮೇಲೆ ಸುಲಿಯುವುದು, ಹುಳುಕು ಕಾಳನ್ನು ಬೇರೆ ಮಾಡುವುದು. ನೆನೆಸಿದ ಕಾಳನ್ನು ಹೆಬ್ಬೆರಳು, ತೋರುಬೆರಳುಗಳ ನಡುವೆ ಹಿಡಿದು ಪುಸಕ್ಕನೆ ಹಿತುಕುವಾಗ ಬಳಕೆಯಾಗುವುದು ಮುಂದೆ ಪೆನ್ಸಿಲ್ ಹಿಡಿಯಬೇಕಾದ ಅದೇ ಬೆರಳುಗಳು, ಅದೇ ಹಿಡಿತ. ಸುತ್ತು, ಕೊಂಬು, ಒತ್ತು ತುಂಬಿದ ನಮ್ಮ ಲಿಪಿಗೆ ಬೆರಳು ಹದಗೊಂಡಿರಲೇಬೇಕು. ಹದವಾಗದ ಕೈಯಿಂದ ಬರೆಸಿದರೆ ಮಗು ಕಲಿಯುವುದು ಬರವಣಿಗೆಯ ಭಯವನ್ನು ಮಾತ್ರ. ಲೆಕ್ಕವೂ ಇಲ್ಲೇ ಇದೆ. ಒಂದರಿಂದ ಹತ್ತರವರೆಗೆ ಗಟ್ಟಿಯಾಗಿ ಒಪ್ಪಿಸುವ ಮೂರು ವರ್ಷದ ಮಗುವಿಗೆ ‘ನಾಲ್ಕು ಕಾಳು ಕೊಡು’ ಅಂದರೆ ಸಾಮಾನ್ಯವಾಗಿ ಕೈಗೆ ಸಿಕ್ಕಷ್ಟು ಬಾಚಿ ಕೊಡುತ್ತದೆ. ಕೊನೆಗೆ ಹೇಳಿದ ಸಂಖ್ಯೆಯೇ ಇಡೀ ಗುಂಪಿನ ಲೆಕ್ಕ ಎಂಬ ಅರಿವು ಬಾಯಿಪಾಠದಿಂದ ಬರುವುದಿಲ್ಲ. ಎಣಿಸಿ, ಕೊಟ್ಟು, ಹೆಚ್ಚಾಯಿತೆಂದು ಜಗಳವಾಡಿ ಬರಬೇಕು. ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟ ಕಾಳು ಮೊಳಕೆ ಒಡೆಯುವುದನ್ನು ದಿನಾ ಬಿಚ್ಚಿ ನೋಡುವುದು, ಸಂತೆಯಾಟದಲ್ಲಿ ತಕ್ಕಡಿ ಹಿಡಿದು ಚೌಕಾಸಿ ಮಾಡುವುದು, ಎಲ್ಲಕ್ಕೂ ಒಂದು ಹಾಡು, ಒಂದು ಕಥೆ. (ಕಾಳನ್ನು ಮೂಗಿಗೆ ತುರುಕಿಕೊಳ್ಳುವವರು ಪ್ರತಿ ಕೇಂದ್ರದಲ್ಲೂ ಇರುತ್ತಾರೆ, ಕಾರ್ಯಕರ್ತೆಯೋ ಸಹಾಯಕಿಯೋ ಪಕ್ಕದಲ್ಲೇ ಕೂತಿರಬೇಕು.)

ಕಾನ್ವೆಂಟಿನ ಮಕ್ಕಳು ಯುಕೆಜಿಯಲ್ಲೇ ವಾಕ್ಯ ಬರೆಯುತ್ತಾರಲ್ಲ, ನಮ್ಮವರು ಹಿಂದೆ ಬೀಳುವುದಿಲ್ಲವೇ ಎಂಬ ಆತಂಕ ಸಹಜವೇ. ಆದರೆ ನ್ಯೂಜಿಲೆಂಡಿನಲ್ಲಿ ಐದು ವರ್ಷಕ್ಕೆ ಓದು ಕಲಿತವರನ್ನೂ ಏಳಕ್ಕೆ ಕಲಿತವರನ್ನೂ ಹೋಲಿಸಿ ನೋಡಿದಾಗ, ಹನ್ನೊಂದರ ಹೊತ್ತಿಗೆ ಓದಿನ ಸಾಮರ್ಥ್ಯದಲ್ಲಿ ಅಂತರವೇ ಉಳಿದಿರಲಿಲ್ಲ. ನಮ್ಮ ದೇಶದಲ್ಲೇ ಅಸ್ಸಾಂ, ರಾಜಸ್ಥಾನ, ತೆಲಂಗಾಣಗಳ ಸಾವಿರಾರು ಮಕ್ಕಳನ್ನು ನಾಲ್ಕನೇ ವಯಸ್ಸಿನಿಂದ ಹಿಂಬಾಲಿಸಿದ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ಐದನೇ ವಯಸ್ಸಿಗೆ ಶಾಲೆಗೆ ಬೇಕಾದ ಸಿದ್ಧತೆ ಬಹುಪಾಲು ಮಕ್ಕಳಲ್ಲಿ ಸಾಲದು, ಖಾಸಗಿ ನರ್ಸರಿಗಳು ನಡೆಸುತ್ತಿರುವುದು ಒಂದನೇ ತರಗತಿಯನ್ನೇ ಕೆಳಕ್ಕೆ ಇಳಿಸಿದ ಪಾಠ ಎಂದು ಅದು ಹೇಳಿತು. ಶುಲ್ಕ ಕೊಟ್ಟವರಿಗೆ ಸಿಕ್ಕಿದ್ದು ಬೆಲ್ಟು, ಟೈ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ಮನೆಯಲ್ಲಿ ಪುಸ್ತಕ ಇರುವವರಿಗೆ ಆಟ ಸರಿ, ಕೂಲಿಯವರ ಮಗುವಿಗೆ ಅಕ್ಷರ ಬೇರೆಲ್ಲಿ ಸಿಗಬೇಕು? ಅಮೆರಿಕದ ಇಪ್ಸಿಲಾಂಟಿಯಲ್ಲಿ 1967ರಲ್ಲಿ ಶುರುವಾದ ಪ್ರಯೋಗ ನಡೆದದ್ದು ಬಡ ಮಕ್ಕಳ ನಡುವೆಯೇ. ನೇರ ಪಾಠದ ಗುಂಪು, ಆಟದ ಗುಂಪುಗಳು ಎಂದು ಹಂಚಿದ್ದರು. ಇಪ್ಪತ್ಮೂರನೇ ವಯಸ್ಸಿನಲ್ಲಿ ನೋಡಿದಾಗ ಪಾಠದ ಗುಂಪಿನವರಲ್ಲೇ ಭಾವನಾತ್ಮಕ ತೊಂದರೆಗಳೂ ಪೊಲೀಸ್ ಪ್ರಕರಣಗಳೂ ಹೆಚ್ಚು ಕಂಡವು. ಅಲ್ಲಿದ್ದವರು ಕೇವಲ 68 ಮಕ್ಕಳು, ಅದೊಂದನ್ನೇ ನೆಚ್ಚಿ ತೀರ್ಪು ಕೊಡಲಾಗದು ನಿಜ. ಆದರೆ ಬಡ ಮಗುವಿಗೆ ಬೇಗ ತಿದ್ದಿಸಿದರೆ ಒಳಿತು ಎಂಬ ನಂಬಿಕೆಯನ್ನಂತೂ ಅದು ಬೆಂಬಲಿಸುವುದಿಲ್ಲ. ಅಕ್ಷರವೇ ಬೇಡ ಎನ್ನುತ್ತಲೂ ಇಲ್ಲ. ಚಿತ್ರಪುಸ್ತಕ, ಗೋಡೆಯ ಮೇಲೆ ಮಗುವಿನ ಹೆಸರು, ‘ಅವರೆ’ಯ ಹಾಗೆ ‘ಅ’ದಿಂದ ಶುರುವಾಗುವ ಮಾತು ಹುಡುಕುವ ಆಟ, ದಿನಕ್ಕೊಂದು ಕಥೆ ಬೇಕೇ ಬೇಕು. ಮನೆಯಲ್ಲಿ ಪುಸ್ತಕವಿಲ್ಲದ ಮಗುವಿಗಂತೂ ಎರಡರಷ್ಟು ಬೇಕು.

ಹಾಗೆಂದು ಮಕ್ಕಳನ್ನು ಅಂಗಳಕ್ಕೆ ಬಿಟ್ಟು ಕಾರ್ಯಕರ್ತೆ ರಿಜಿಸ್ಟರ್ ತುಂಬುತ್ತಾ ಕೂತರೆ ಅದನ್ನು ಕಲಿಕೆ ಎನ್ನಲಾಗದು. ಆದರೆ ತಪ್ಪು ಆಕೆಯದಲ್ಲ. ತೂಕ, ಸಮೀಕ್ಷೆ, ಮೊಬೈಲ್ ಆ್ಯಪ್, ಚುನಾವಣೆ ಕೆಲಸ ಎಲ್ಲ ಹೇರಿ, ಉಳಿದ ಹೊತ್ತಿನಲ್ಲಿ ಪಾಠ ಮಾಡು ಎನ್ನುವ ವ್ಯವಸ್ಥೆ ಬದಲಾಗಬೇಕು. 2024ರಲ್ಲಿ ಬೆಂಗಳೂರಿನ ಕೆಲವು ಅಂಗನವಾಡಿಗಳಿಗೆ ‘ಸರ್ಕಾರಿ ಮಾಂಟೆಸ್ಸೊರಿ’ ಎಂಬ ಹೆಸರು ಬಂತು. ಪೆನ್ಸಿಲ್‌ಗೆ ಮುಂಚೆ ಬೆರಳಿಗೆ ತಾಲೀಮು ಕೊಡಬೇಕೆಂದವರು ಆ ಹೆಸರಿನ ಶಿಕ್ಷಣತಜ್ಞೆ ಮಾಂಟೆಸ್ಸೊರಿಯೇ. ಹೆಸರಿನ ಜೊತೆಗೆ ಆ ಕ್ರಮವೂ ಬರಲಿ. ಹೆತ್ತವರಲ್ಲಿ ಕೇಳಿಕೊಳ್ಳುವುದು ಒಂದೇ: ಜೂನ್‌ನಲ್ಲಿ ಮಗುವನ್ನು ಸೇರಿಸಲು ಹೋದಾಗ ಬರೆದ ಪುಟಗಳನ್ನು ಕೇಳಬೇಡಿ, ಈ ತಿಂಗಳು ಯಾವ ವಿಷಯ, ಏನೇನು ಆಡಿಸುತ್ತೀರಿ ಎಂದು ಕೇಳಿ.