ದಾರಿಯ ಹಕ್ಕು ನಮ್ಮ ಮನೆ ಬಾಗಿಲಲ್ಲೂ ಇದೆ

ದಾರಿಯಲ್ಲಿ ಜನರಿಗೆ ತೊಂದರೆ ಕೊಡುವ ವಸ್ತುವನ್ನು ಸರಿಸುವುದು ಈಮಾನ್‌ನ ಒಂದು ಶಾಖೆ ಎಂದು ಪ್ರವಾದಿ ಮುಹಮ್ಮದ್(ಸ) ಕಲಿಸಿದರು. ಜುಮಾ ಖುತ್ಬಾಗಳಲ್ಲಿ ನಾವು ಇದನ್ನು ಮತ್ತೆ ಮತ್ತೆ ಕೇಳಿದ್ದೇವೆ. ಆದರೆ ದಾರಿ ಎಂದರೆ ನಮಗೆ ನೆನಪಾಗುವುದು ರಸ್ತೆ ಮಾತ್ರ. ಫ್ಲ್ಯಾಟಿನ ಕಾರಿಡಾರ್, ಮೆಟ್ಟಿಲು, ಮಸೀದಿಯ ಪಕ್ಕದ ಬಾಗಿಲು ಇವೂ ದಾರಿಗಳೇ. ಬೆಂಕಿ ಬಿದ್ದಾಗ ಜೀವ ಉಳಿಸುವುದು ಇವೇ.

1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 59 ಮಂದಿ ಪ್ರಾಣ ಕಳೆದುಕೊಂಡರು. ಬೆಂಕಿ ಹತ್ತಿದ್ದು ಕೆಳಗಿನ ಟ್ರಾನ್ಸ್‌ಫಾರ್ಮರ್‌ಗೆ. ಜನರು ಸಿಕ್ಕಿಬಿದ್ದದ್ದು ಮೇಲಿನ ಬಾಲ್ಕನಿಯಲ್ಲಿ. ಹೆಚ್ಚುವರಿ ಆಸನಗಳಿಗಾಗಿ ಅಲ್ಲಿ ಒಂದು ಬದಿಯ ದಾರಿಯನ್ನೇ ಮುಚ್ಚಲಾಗಿತ್ತು. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ 9 ಮಂದಿ ತೀರಿಕೊಂಡರು. ಹೊಗೆ ತಾಳಲಾರದೆ ಕೆಲವರು ಕಿಟಕಿಯಿಂದ ಹಾರಿದ್ದರು.

ಇಂಥ ಅನಾಹುತಗಳಲ್ಲಿ ಜ್ವಾಲೆಗಿಂತ ಮೊದಲು ಹೊಗೆ ಕೊಲ್ಲುತ್ತದೆ. ಅದು ಮೆಟ್ಟಿಲ ಹಾದಿಯಲ್ಲಿ ಚಿಮಣಿಯಲ್ಲಿ ಏರುವಂತೆ ಮೇಲೇರುತ್ತದೆ. ವಿದ್ಯುತ್ ಹೋಗುತ್ತದೆ, ಲಿಫ್ಟ್ ಬಳಸುವಂತಿಲ್ಲ. ಕತ್ತಲಲ್ಲಿ ಬಗ್ಗಿಕೊಂಡು ಗೋಡೆ ತಡವುತ್ತಾ ಬರುವವರಿಗೆ ನಾವಿಟ್ಟ ಚಪ್ಪಲಿ ಸ್ಟ್ಯಾಂಡ್, ಮಗುವಿನ ಸೈಕಲ್, ಖಾಲಿ ಸಿಲಿಂಡರ್ ಎಡತಾಕುತ್ತವೆ. ಮುಂದಿನವರು ಬಿದ್ದರೆ ಹಿಂದಿನವರೂ ನಿಲ್ಲುತ್ತಾರೆ. ಮೊದಲು ಸೋಲುವವರು ವೃದ್ಧರು, ಗರ್ಭಿಣಿಯರು, ಮಕ್ಕಳು.

ಮೆಟ್ಟಿಲ ಕೆಳಗೆ ಸ್ಕೂಟರ್ ನಿಲ್ಲಿಸಿ ಚಾರ್ಜ್ ಮಾಡುವುದು ಇನ್ನೂ ಅಪಾಯ. ಅಲ್ಲಿ ಬೆಂಕಿ ಹತ್ತಿದರೆ ಇಡೀ ಕಟ್ಟಡದ ದಾರಿಯೇ ಮುಚ್ಚುತ್ತದೆ. ಕಾರಿಡಾರ್ ಯಾರೊಬ್ಬರ ಸ್ವತ್ತಲ್ಲ. ಅದು ಎಲ್ಲ ನೆರೆಯವರ ಅಮಾನತ್ತು. ನೆರೆಯವರ ಹಕ್ಕಿನ ಬಗ್ಗೆ ಇಸ್ಲಾಂ ಎಷ್ಟು ಒತ್ತಿ ಹೇಳಿದೆಯೆಂದು ನಮಗೆ ಗೊತ್ತು.

ಮಸೀದಿ ಕಮಿಟಿಗಳೂ ಗಮನಿಸಬೇಕು. ಶುಕ್ರವಾರ ಸಫ್‌ಗಳು ತುಂಬಿದಾಗ ಪಕ್ಕದ ಬಾಗಿಲಿಗೆ ಬೀಗವಿರಬಾರದು. ಹೊಸ್ತಿಲಲ್ಲಿ ಚಪ್ಪಲಿಯ ರಾಶಿ, ಗೇಟಿಗೆ ಅಡ್ಡವಾಗಿ ಬೈಕು ಬೇಡ. ಮದ್ರಸಾ, ಹಾಸ್ಟೆಲ್, ಶಾದಿ ಮಹಲ್‌ಗಳಿಗೂ ಇದೇ ಮಾತು. ಕಳ್ಳರ ಭಯವಿದ್ದರೆ ಒಳಗಿನಿಂದ ಕೀಲಿಯಿಲ್ಲದೆ ತೆರೆಯುವ ಚಿಲಕ ಹಾಕಿಸೋಣ.

ಮದೀನಾದಲ್ಲಿ ಒಂದು ರಾತ್ರಿ ಮನೆಯೊಂದು ಹೊತ್ತಿ ಉರಿದಾಗ, ಬೆಂಕಿ ನಿಮ್ಮ ಶತ್ರು, ಮಲಗುವಾಗ ಅದನ್ನು ಆರಿಸಿರಿ ಎಂದು ಪ್ರವಾದಿ(ಸ) ಎಚ್ಚರಿಸಿದ್ದರು. ತವಕ್ಕುಲ್ ಎಂದರೆ ಎಚ್ಚರಿಕೆ ಬಿಡುವುದಲ್ಲ.

ಇಂದೇ ಮಕ್ಕಳನ್ನು ಕರೆದುಕೊಂಡು ಮನೆ ಬಾಗಿಲಿಂದ ಬೀದಿಯವರೆಗೆ ಒಮ್ಮೆ ನಡೆಯೋಣ. ಕಾಲಿಗೆ ತಾಕಿದ್ದನ್ನೆಲ್ಲ ಒಳಗೆ ತೆಗೆದಿಡೋಣ. ತುರ್ತು ಸಂಖ್ಯೆ 112 ಅವರಿಗೆ ಕಲಿಸೋಣ. ಖರ್ಚಿಲ್ಲದ ಸದಖಾ ಇದು.