ಸಿಗಡಿ ಸಿಪ್ಪೆಗೂ ಶೇಂಗಾ ಹೊಲಕ್ಕೂ ನಂಟು

ಚಳ್ಳಕೆರೆ ತಾಲ್ಲೂಕಿನ ಪರಶುರಾಂಪುರದಿಂದ ಕಡಲು ಸೇರಬೇಕಾದರೆ ಮಲೆನಾಡು ದಾಟಿ ಘಟ್ಟ ಇಳಿಯಬೇಕು. ವೇದಾವತಿ ದಂಡೆಯ ಈ ಶೇಂಗಾ ಸೀಮೆಯಲ್ಲಿ ಸಿಗಡಿ ಸಿಪ್ಪೆಯ ಮಾತೇಕೆ? ಕರಾವಳಿಯಲ್ಲಿ ಕಸವಾಗುವ ಆ ಸಿಪ್ಪೆಗೆ ಬಯಲುಸೀಮೆಯ ಹೊಲದಲ್ಲಿ ಕೆಲಸವಿದೆ, ಅದಕ್ಕೆ.

ರಫ್ತಿಗೆಂದು ಸಿಗಡಿ ಸುಲಿದಾಗ ತಲೆ, ಸಿಪ್ಪೆ ಸೇರಿ ತೂಕದ ಹೆಚ್ಚುಕಡಿಮೆ ಅರ್ಧದಷ್ಟು ಹೊರಬೀಳುತ್ತದೆ. ಬಿಸಿಲಿಗೆ ಬೇಗ ಕೊಳೆತು ನಾರುತ್ತದೆ. ಆದರೆ ಅದರೊಳಗೆ ಕೈಟಿನ್ ಎಂಬ ಜೈವಿಕ ಪಾಲಿಮರ್ ಇದೆ. 1811ರಲ್ಲಿ ಫ್ರಾನ್ಸಿನ ಹೆನ್ರಿ ಬ್ರಾಕೊನೊ ಇದನ್ನು ಮೊದಲು ಗುರುತಿಸಿದ್ದು ಅಣಬೆಯಲ್ಲಿ. ಸಿಪ್ಪೆಯನ್ನು ತೆಳು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ನೆನೆಸಿದರೆ ಸುಣ್ಣದಂಶ ಕರಗುತ್ತದೆ, ಕಾಸ್ಟಿಕ್ ಸೋಡಾದಲ್ಲಿ ಕಾಯಿಸಿದರೆ ಪ್ರೋಟೀನ್ ಬಿಡುತ್ತದೆ. ಉಳಿಯುವುದೇ ಕೈಟಿನ್. ಅದನ್ನು ಶೇ 40–50ರಷ್ಟು ಕಡುವಾದ ಕಾಸ್ಟಿಕ್ ದ್ರಾವಣದಲ್ಲಿ ಮತ್ತೆ ಕಾಯಿಸಿದರೆ ಕೈಟೋಸಾನ್. ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ಈ ವಿಧಾನವನ್ನು ದಶಕಗಳ ಹಿಂದೆಯೇ ರೂಪಿಸಿದೆ. ರಕ್ತ ನಿಲ್ಲಿಸುವ ಬ್ಯಾಂಡೇಜ್‌ನಿಂದ ಹಿಡಿದು ನೀರು ತಿಳಿಯಾಗಿಸುವವರೆಗೆ ಕೈಟೋಸಾನ್‌ಗೆ ಬಳಕೆಯುಂಟು.

ನನಗೆ ಬೆರಗೆನಿಸುವುದು ಬೆಳೆಯ ಮೇಲಿನ ಅದರ ಪರಿಣಾಮ. ಶಿಲೀಂಧ್ರಗಳ ಕೋಶಭಿತ್ತಿಯಲ್ಲೂ ಕೈಟಿನ್ ಇರುತ್ತದೆ. ಹಾಗಾಗಿ ಕೈಟೋಸಾನ್ ಲೇಪ ತಗುಲಿದ ಸಸಿ, ಶಿಲೀಂಧ್ರವೇ ಬಂತೆಂಬಂತೆ ಎಚ್ಚೆತ್ತು ರೋಗ ತಡೆಯುವ ಪದಾರ್ಥಗಳನ್ನು ತಯಾರಿಸಿಕೊಳ್ಳುತ್ತದೆ. ಬುಡ ಕೊಳೆತು ಶೇಂಗಾ ಗಿಡ ಒಣಗುವುದನ್ನು ನೋಡಿದ ರೈತನಿಗೆ ಇದರ ಬೆಲೆ ಬಿಡಿಸಿ ಹೇಳಬೇಕಿಲ್ಲ.

ಕಡಲಿಗೇ ಹೋಗಬೇಕೆಂದೂ ಇಲ್ಲ. ರಾಮನಗರ, ಶಿಡ್ಲಘಟ್ಟದಲ್ಲಿ ನೂಲು ಬಿಚ್ಚಿದ ಮೇಲೆ ಉಳಿಯುವ ರೇಷ್ಮೆ ಪ್ಯೂಪಾದ ಹೊರಪೊರೆಯಲ್ಲೂ ಕೈಟಿನ್ ಇದೆ. ರೇಷ್ಮೆ ಸೀರೆಗೆ ಹೆಸರಾದ ಮೊಳಕಾಲ್ಮುರು ನಮ್ಮ ಪಕ್ಕದಲ್ಲೇ ಇದೆ. ಕಚ್ಚಾ ರೇಷ್ಮೆಯ ಅಂಟು ತೆಗೆಯುವಾಗ ತೂಕದ ಸುಮಾರು ಕಾಲುಭಾಗ ಸೆರಿಸಿನ್ ಎಂಬ ಇನ್ನೊಂದು ಜೈವಿಕ ಪಾಲಿಮರ್ ಆಗಿ ನೀರಿಗೆ ಹೋಗುತ್ತದೆ. ಅದನ್ನೂ ಹಿಡಿದಿಡಬಹುದು.

ಇಷ್ಟಾದರೂ ಕೈಟೋಸಾನ್ ತಯಾರಿಕೆಯನ್ನು ಪೂರ್ತಿ ಹಸಿರು ಉದ್ಯಮವೆನ್ನಲಾರೆ. ಆಮ್ಲ, ಕಾಸ್ಟಿಕ್, ತೊಳೆಯಲು ವಿಪರೀತ ನೀರು! ಆ ತೊಳೆನೀರನ್ನು ಶುದ್ಧಗೊಳಿಸದೆ ಹೊಳೆಗೆ ಬಿಟ್ಟರೆ ಸಿಪ್ಪೆಯ ನಾತಕ್ಕಿಂತ ದೊಡ್ಡ ಕೇಡು. ನೀರಿಗೆ ಬಾಯಾರಿದ ನಮ್ಮ ಸೀಮೆಗೆ ಕಾರ್ಖಾನೆ ಬೇಡ, ತಯಾರಾದ ಪದಾರ್ಥ ಬಂದರೆ ಸಾಕು.

ಹಿರಿಯೂರಿನ ಬಬ್ಬೂರು ಫಾರಂನ ಕೃಷಿ ವಿಜ್ಞಾನ ಕೇಂದ್ರ ಚಳ್ಳಕೆರೆಯ ಕೆಂಪು ಮಣ್ಣಿನಲ್ಲಿ, ಮಳೆಯಾಶ್ರಿತ ಶೇಂಗಾದ ಮೇಲೆ ಕೈಟೋಸಾನ್ ಬೀಜೋಪಚಾರದ ಪ್ರಾತ್ಯಕ್ಷಿಕೆ ನಡೆಸಿ, ಖರ್ಚು–ಇಳುವರಿಯ ಲೆಕ್ಕವನ್ನು ರೈತರ ಮುಂದಿಡಲಿ. ಅಲ್ಲಿಯವರೆಗೆ ಕೈಟೋಸಾನ್ ಬಾಟಲಿಯ ಮೇಲಿನ ಬರಹ ನಂಬಿ ಯಾರೂ ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರದ ಬೀಜೋಪಚಾರವನ್ನು ಕೈಬಿಡಬೇಡಿ.