ಒಂದೇ ದಾರದ ಸ್ವೆಟರ್

ಕ್ಯಾಮ್ ಮತ್ತು ಫಾಲೋವರ್ ಅಂತ ಸೆಕೆಂಡ್ ಇಯರ್ ಮೆಕ್ಯಾನಿಕಲ್‌ನವರು ಪುಟಗಟ್ಟಲೆ ಡ್ರಾಯಿಂಗ್ ಹಾಕ್ತೀವಿ. ನೂರಕ್ಕೂ ಹೆಚ್ಚು ಫಾಲೋವರ್‌ಗಳು ಸಾಲಾಗಿ ಓಡಾಡೋದನ್ನು ಕಣ್ಣಾರೆ ನೋಡಬೇಕಂದ್ರೆ ಮನೆಯಲ್ಲಿ ಸ್ವೆಟರ್ ಹೆಣೆಯುವ ನಿಟ್ಟಿಂಗ್ ಮಷೀನ್ ನೋಡಿ. ಬೀದರ್ ತಾಲೂಕಿನ ನಮ್ಮ ಮನ್ನಳ್ಳಿಯಲ್ಲಿ ಕಾಕು ಹತ್ತಿರ ಅಂಥದೊಂದು ಇದೆ. ಬೀದರ್ ಚಳಿ ಗೊತ್ತಲ್ಲ, ದೀಪಾವಳಿ ಮುಗಿದರೆ ಆ ಮಷೀನ್‌ಗೆ ಬಿಡುವಿಲ್ಲ. ಆರ್ಡರ್ ಕೊಡಲು ಬಂದವರು ಮಾತ್ರ ಪ್ರತಿ ಸಲ ಒಂದೇ ಮಾತು ಹೇಳ್ತಾರೆ: "ಮಷೀನೇ ಮಾಡ್ತದಲ್ಲ, ಇಷ್ಟ್ಯಾಕ ರೊಕ್ಕ?"

ಮಷೀನ್ ಏನು ಮಾಡ್ತದೆ ಅಂತ ನೋಡೋಣ.

ನೇಯ್ಗೆ ಬೇರೆ, ಹೆಣಿಗೆ ಬೇರೆ. ಕುರುಬರು ನೇಯುವ ಕಂಬಳಿಯಲ್ಲಿ ಉದ್ದಕ್ಕೆ ಹಾಸು, ಅಡ್ಡಕ್ಕೆ ಹೊಕ್ಕು ಇರುತ್ತದೆ. ಸ್ವೆಟರ್‌ನಲ್ಲಿ ಇರೋದು ಒಂದೇ ದಾರ. ಒಂದು ಕುಣಿಕೆಯೊಳಗಿಂದ ಇನ್ನೊಂದು ಕುಣಿಕೆ ಎಳೆಯುತ್ತಾ ಹೋದರೆ ಬಟ್ಟೆ ಆಗುತ್ತದೆ. ಅದಕ್ಕೇ ಅದು ಹಿಗ್ಗುತ್ತದೆ, ಒಂದು ಕುಣಿಕೆ ಜಾರಿದರೆ ಏಣಿಯ ಹಾಗೆ ಕೆಳಗಿನವರೆಗೂ ಬಿಚ್ಚಿಕೊಳ್ಳುತ್ತದೆ.

ಈ ಕೆಲಸಕ್ಕೆ ಮೊದಲ ಯಂತ್ರ ಮಾಡಿದವನು ಇಂಗ್ಲೆಂಡಿನ ವಿಲಿಯಂ ಲೀ, 1589ರಲ್ಲಿ. ಆದರೆ ನನಗೆ ಅದಕ್ಕಿಂತ ಇಷ್ಟವಾಗೋದು 19ನೇ ಶತಮಾನದ ನಡುವೆ ಬಂದ ಲ್ಯಾಚ್ ಸೂಜಿ. ಸೂಜಿಯ ತುದಿಯಲ್ಲಿ ಕೊಕ್ಕೆ, ಕೊಕ್ಕೆಯ ಬಾಯಿಗೆ ಪುಟ್ಟ ಬಾಗಿಲು. ಸೂಜಿ ಮುಂದೆ ಹೋದಾಗ ಹಳೇ ಕುಣಿಕೆ ಬಾಗಿಲು ತೆರೆದು ಅದರ ಹಿಂದಕ್ಕೆ ಜಾರುತ್ತದೆ. ಕೊಕ್ಕೆಗೆ ಹೊಸ ದಾರ ಬೀಳುತ್ತದೆ. ಸೂಜಿ ವಾಪಸ್ ಬರುವಾಗ ಅದೇ ಹಳೇ ಕುಣಿಕೆ ಬಾಗಿಲನ್ನು ತಳ್ಳಿ ಮುಚ್ಚಿ, ಅದರ ಮೇಲೆ ಹತ್ತಿ ಆಚೆ ಬೀಳುತ್ತದೆ. ಹೊಸ ದಾರ ಅದರೊಳಗಿಂದ ಬಂದು ಕುಣಿಕೆ ಆಯ್ತು. ಸ್ಪ್ರಿಂಗ್ ಇಲ್ಲ, ಮೋಟರ್ ಇಲ್ಲ. ಬಾಗಿಲು ತೆಗೆಯೋದು, ಹಾಕೋದು ಎರಡೂ ಕುಣಿಕೆಯೇ!

ಸಾಮಾನ್ಯ ಮನೆ ಮಷೀನ್‌ನಲ್ಲಿ ಇಂಥ 200 ಸೂಜಿಗಳು 4.5 ಮಿ.ಮೀ. ಅಂತರದಲ್ಲಿ ಇರುತ್ತವೆ. ಮೇಲೆ ಕ್ಯಾರಿಯೇಜ್ ಅನ್ನು ಕೈಯಿಂದ ಎಡಕ್ಕೊಮ್ಮೆ ಬಲಕ್ಕೊಮ್ಮೆ ಎಳೆಯಬೇಕು. ಅದರ ಅಡಿಯ ಕ್ಯಾಮ್ ದಾರಿಯಲ್ಲಿ ಸೂಜಿಗಳ ಹಿಂಬದಿಯ ಗುಬುಟು ಓಡುತ್ತದೆ. ಡಯಲ್ ತಿರುಗಿಸಿದರೆ ಕ್ಯಾಮ್ ಸೂಜಿಯನ್ನು ಎಷ್ಟು ಹಿಂದಕ್ಕೆ ಎಳೆಯಬೇಕು ಅನ್ನೋದು ಬದಲಾಗುತ್ತದೆ. ಜಾಸ್ತಿ ಎಳೆದರೆ ದೊಡ್ಡ ಕುಣಿಕೆ. (ಸಿಎಸ್‌ನವರಿಗೆ: ಕೆಲವು ಮಷೀನ್‌ಗಳಲ್ಲಿ ಡಿಸೈನ್‌ಗೆ ಪಂಚ್ ಕಾರ್ಡ್ ಇದೆ, ಅಗಲ 24 ಕುಣಿಕೆ. ತೂತು ಇದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ.)

ಮಷೀನ್ ಕೆಲಸ ಇಲ್ಲಿಗೆ ಮುಗೀತು. ಸ್ವೆಟರ್ ಯಾರ ಮೈಗೆ ಕೂಡಬೇಕು ಅನ್ನೋದು ಅದಕ್ಕೆ ಗೊತ್ತಿಲ್ಲ.

ಮೊದಲು ಅದೇ ದಾರ, ಅದೇ ಡಯಲ್ ನಂಬರ್‌ನಲ್ಲಿ ಒಂದು ಸಣ್ಣ ತುಂಡು ಹೆಣೆಯಬೇಕು. 40 ಕುಣಿಕೆ 16 ಸೆಂ.ಮೀ. ಬಂತು ಅಂದುಕೊಳ್ಳಿ, ಅಂದ್ರೆ ಸೆಂ.ಮೀ.ಗೆ 2.5 ಕುಣಿಕೆ. ಎದೆ 90 ಸೆಂ.ಮೀ., ಸಡಿಲಕ್ಕೆ 10 ಸೇರಿಸಿ 100. ಮುಂಭಾಗ ಅರ್ಧ, 50 ಸೆಂ.ಮೀ., ಅಂದ್ರೆ 125 ಕುಣಿಕೆ, ಹೊಲಿಗೆಗೆ ಇನ್ನೆರಡು. ಆ 16 ಅನ್ನು 15 ಅಂತ ಅಳೆದರೆ? 133 ಕುಣಿಕೆ ಹಾಕ್ತೀರಿ, ಹಿಂದೆ ಮುಂದೆ ಸೇರಿ ಸ್ವೆಟರ್ ಆರು ಸೆಂ.ಮೀ.ಗೂ ಹೆಚ್ಚು ದೊಡ್ಡದಾಗುತ್ತದೆ. ಸಣ್ಣ ತುಂಡಿನ ಒಂದು ಸೆಂಟಿಮೀಟರ್ ತಪ್ಪು ಇಷ್ಟಾಗುತ್ತದೆ.

ಅಳೆಯೋದೂ ಸುಲಭ ಅಲ್ಲ. ಮಷೀನ್ ಮೇಲಿದ್ದಾಗ ಬಟ್ಟೆ ಸೂಜಿಯಿಂದ ಸೂಜಿಗೆ ಹಿಗ್ಗಿರುತ್ತದೆ, ಕೆಳಗೆ ಕಟ್ಟಿದ ತೂಕ ಬೇರೆ ಜಗ್ಗುತ್ತಿರುತ್ತದೆ. ನಮ್ಮ ಲೆಕ್ಕದ 127 ಕುಣಿಕೆ ಮಷೀನ್ ಮೇಲೆ ಸುಮಾರು 57 ಸೆಂ.ಮೀ. ಇರುತ್ತದೆ! ಅದಕ್ಕೆ ಕಾಕು ತುಂಡನ್ನು ತೊಳೆದು, ಒಂದು ರಾತ್ರಿ ಸುಮ್ಮನೆ ಬಿಟ್ಟು, ಆಮೇಲೆ ಸ್ಕೇಲ್ ಹಿಡಿತಾಳೆ.

ಕಂಕುಳು, ಕುತ್ತಿಗೆಯ ಆಕಾರಕ್ಕೆ ಕತ್ತರಿ ಇಲ್ಲ. ಅಂಚಿನ ಕುಣಿಕೆಗಳನ್ನು ಕೈಯಿಂದ ಪಕ್ಕದ ಸೂಜಿಗೆ ದಾಟಿಸಿ ಕಡಿಮೆ ಮಾಡುತ್ತಾ ಹೋಗಬೇಕು. ಎಷ್ಟು ಸಾಲಿಗೊಮ್ಮೆ ಅನ್ನೋದೂ ಲೆಕ್ಕವೇ. ನೇರ ಭಾಗ ಹೆಣೆಯಲು ಅರ್ಧ ಗಂಟೆ ಸಾಕು. ಈ ಲೆಕ್ಕ, ಕುತ್ತಿಗೆ, ತುಂಡುಗಳನ್ನು ಕೂಡಿಸುವ ಹೊಲಿಗೆ ಸೇರಿದರೆ ಎರಡು ದಿನ. ರೊಕ್ಕ ಆ ಎರಡು ದಿನಕ್ಕೆ.

ಕಾಕು ಈಗ ಮೈ ಅಳತೆ ತಗೊಳ್ಳೋದಿಲ್ಲ. ಚೆನ್ನಾಗಿ ಕೂಡುವ ಹಳೇ ಸ್ವೆಟರ್ ಒಂದು ತರ್ರಿ ಅಂತಾಳೆ, ಅದನ್ನು ಚಾಪೆ ಮೇಲೆ ಹರಡಿ ಅಳೆದು ನೋಟ್‌ಬುಕ್ಕಿನಲ್ಲಿ ಬರ್ಕೋತಾಳೆ. ಸಣ್ಣ ಮಕ್ಕಳದ್ದಾದರೆ ತೋಳಿಗೆ ನಾಲ್ಕು ಬೆರಳು ಜಾಸ್ತಿ, ಮುಂದಿನ ವರ್ಷದ ಚಳಿಗೂ ಬರಲಿ ಅಂತ.